ಜಾಲಕ್ಕೆ ಎರಡು ಹೆಬ್ಬಾಗಿಲು

ಮೈಸೂರಿನಿಂದ ಹೊರಟು, ನಂಜನಗೂಡನ್ನು ದಾಟಿ ದಕ್ಷಿಣಕ್ಕೆ ಸಾಗುವ ಹೆದ್ದಾರಿಯಲ್ಲಿ ಗುಂಡ್ಲುಪೇಟೆಯನ್ನು ಮುಟ್ಟುವ ಮೊದಲು ಬೇಗೂರು ಎಂಬ ಊರು ಸಿಗುತ್ತದೆ. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರವಿದು. ಉದಕಮಂಡಲಕ್ಕೆ ಹೋಗುವವರೂ ಕೇರಳದ ಕಲ್ಲಿಕೋಟೆಗೆ ಹೋಗುವವರೂ ಈ ಹೆದ್ದಾರಿಯನ್ನು ಹಿಡಿದರೆ ಬೇಗೂರನ್ನು ಹಾದೇ ಹೋಗಬೇಕು. ಮುಂದೆ ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಆದರೆ ಎರಡು ಕವಲುಗಳೂ ಬಂಡೀಪುರದ ಅರಣ್ಯವನ್ನು ಹೊಕ್ಕೇ ಮುಂದುವರಿಯುತ್ತವೆ. ವನ್ಯಪ್ರಾಣಿಗಳ ರಕ್ಷಣೆಗಾಗಿ ಈ ಅರಣ್ಯಮಾರ್ಗಗಳಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರು ಗಂಟೆಯವರೆಗೆ ವಾಹನಸಂಚಾರವನ್ನು ೨೦೦೯ರಲ್ಲಿ ನಿಷೇಧಿಸಲಾಯಿತು. ತುರ್ತು ವಾಹನಗಳಿಗೂ ಕೆಲವು ಬಸ್ಸುಗಳಿಗೂ ಮಾತ್ರ ವಿನಾಯಿತಿ. ಹಾಗಾದರೆ ರಾತ್ರಿಯ ವೇಳೆ ಕಲ್ಲಿಕೋಟೆಯ ಕಡೆಗೆ ಹೋಗಲೇಬೇಕಾದ ಲಾರಿಯ ಚಾಲಕ ಏನು ಮಾಡುತ್ತಾನೆ? ಮೈಸೂರಿನಲ್ಲಿಯೇ ಪಶ್ಚಿಮಕ್ಕೆ ತಿರುಗಿ ಹುಣಸೂರು, ಗೋಣಿಕೊಪ್ಪ, ಕುಟ್ಟಗಳ ಮಾರ್ಗವಾಗಿ ಮಾನಂದವಾಡಿಗೆ ಇಳಿಯುತ್ತಾನೆ. ದಾರಿ ದೂರವಾಯಿತೇ ಹೊರತು ಪ್ರಯಾಣ ನಿಲ್ಲಲಿಲ್ಲ.

ಈ ಚಾಲಕನಿಗೆ ಮೂರು ಸಂಗತಿಗಳು ಚೆನ್ನಾಗಿ ತಿಳಿದಿವೆ. ಮೊದಲನೆಯದು, ದಾರಿ ಯಾವಾಗ ಮುಚ್ಚಿರುತ್ತದೆ ಎಂಬುದು. ಎರಡನೆಯದು, ಇನ್ನೊಂದು ದಾರಿ ಎಲ್ಲಿದೆ ಎಂಬುದು. ಮೂರನೆಯದು, ಆ ಇನ್ನೊಂದು ದಾರಿ ಬಂಡೀಪುರದ ಅದೇ ಗೇಟಿನ ಮೂಲಕ ಹೋಗುವುದಿಲ್ಲ ಎಂಬುದು. ಗಣಕಯಂತ್ರಗಳ ಜಾಲದಲ್ಲಿ ಇವೇ ಮೂರು ಸಂಗತಿಗಳನ್ನು ಮನುಷ್ಯನ ನೆರವಿಲ್ಲದೆ ಯಂತ್ರಗಳೇ ಅರಿತು, ಕೆಲವೇ ಸೆಕೆಂಡುಗಳಲ್ಲಿ ದಾರಿ ಬದಲಿಸುವಂತೆ ಮಾಡುವುದು ಹೇಗೆ? ಇದೇ ಈ ಲೇಖನದಲ್ಲಿ ನಾವು ವಿಚಾರಿಸಬೇಕಾದ ವಿಷಯ.

ಬಾಗಿಲು ಮುಚ್ಚಿದರೆ ನಷ್ಟವೇನು?

ಹಿಂದೆ ಜಮೀನಿನ ಪಹಣಿಯ ಪುಸ್ತಕಗಳು ಆಯಾ ಗ್ರಾಮದ ಶಾನುಭೋಗರ ವಶದಲ್ಲಿಯೂ, ಅನಂತರ ಗ್ರಾಮಲೆಕ್ಕಿಗರ ವಶದಲ್ಲಿಯೂ ಇರುತ್ತಿದ್ದುವು. ಆ ಪದ್ಧತಿಯಲ್ಲಿ ತಿದ್ದುಪಡಿಗೂ ವಿಳಂಬಕ್ಕೂ ಅವಕಾಶ ಬಹಳ. ಈ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯ ಮೂಲಕ ಸುಮಾರು ಎರಡು ಕೋಟಿ ಭೂದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿ, ಕೈಬರಹದ ಪಹಣಿಗೆ ಇದ್ದ ಮಾನ್ಯತೆಯನ್ನು ತೆಗೆದುಹಾಕಿತು. ಇದರಿಂದ ರೈತರಿಗಾದ ಅನುಕೂಲ ಸಾಮಾನ್ಯವಾದುದಲ್ಲ. ಆದರೆ ಪ್ರತಿಯೊಂದು ಅನುಕೂಲಕ್ಕೂ ಒಂದು ಬೆಲೆಯುಂಟು. ಪುಸ್ತಕಗಳು ಸಾವಿರಾರು ಊರುಗಳಲ್ಲಿ ಹಂಚಿಹೋಗಿದ್ದಾಗ ಒಂದು ಪುಸ್ತಕ ಸಿಗದಿದ್ದರೆ ಒಂದು ಊರಿಗೆ ಮಾತ್ರ ತೊಂದರೆ. ದಾಖಲೆಗಳೆಲ್ಲ ದೂರದ ಒಂದು ಕೇಂದ್ರದಲ್ಲಿ ಸೇರಿದ ಮೇಲೆ, ಅಲ್ಲಿಗೆ ಹೋಗುವ ದಾರಿ ಕಡಿದರೆ ಆ ದಾರಿಯನ್ನು ನಂಬಿದವರೆಲ್ಲರೂ ಕೈಕಟ್ಟಿ ಕೂರಬೇಕಾಗುತ್ತದೆ.

ಬೇಗೂರಿನಂಥ ಒಂದು ಹೋಬಳಿ ಕೇಂದ್ರದಲ್ಲಿ ಹತ್ತು ಗಣಕಯಂತ್ರಗಳಿರುವ ಒಂದು ಕಛೇರಿಯನ್ನು ಕಲ್ಪಿಸಿಕೊಳ್ಳೋಣ. ದೂರದ ಹಳ್ಳಿಯ ತಾಯಿಯೊಬ್ಬಳು ಒಂದು ದಿನದ ಕೂಲಿಯನ್ನು ಬಿಟ್ಟು, ಬಸ್ಸಿಗೆ ಹಣ ತೆತ್ತು ಅಲ್ಲಿಗೆ ಬಂದಿದ್ದಾಳೆ. ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕು. ಅರ್ಜಿಗೆ ಅದೇ ಕೊನೆಯ ದಿನ. "ನೆಟ್‌ವರ್ಕ್ ಇಲ್ಲಮ್ಮ, ನಾಳೆ ಬನ್ನಿ" ಎಂಬ ಉತ್ತರ ದೊರೆತರೆ ಆಕೆಗಾಗುವ ನಷ್ಟ ಒಂದು ದಿನದ ಕೂಲಿಯಷ್ಟೇ ಅಲ್ಲ. ಮಗಳ ಒಂದು ವರ್ಷದ ವಿದ್ಯಾರ್ಥಿವೇತನ. ಬೆರಳಚ್ಚು ತಾಳೆಯಾದ ಮೇಲೆಯೇ ಅಕ್ಕಿ ಕೊಡಬೇಕಾದ ಪಡಿತರ ಅಂಗಡಿ, ದೂರದ ತಜ್ಞರ ಸಲಹೆಯನ್ನು ತೆರೆಯ ಮೇಲೆ ಪಡೆಯುವ ಆಸ್ಪತ್ರೆ, ಬ್ಯಾಂಕಿನ ಶಾಖೆ ಇವುಗಳ ಸ್ಥಿತಿಯೂ ಇದೇ. ಇಷ್ಟಕ್ಕೂ ಕೆಟ್ಟದ್ದು ಒಂದು ಪುಟ್ಟ ಪೆಟ್ಟಿಗೆಯಾಗಿರಬಹುದು ಅಥವಾ ಒಂದು ತಂತಿಯಾಗಿರಬಹುದು.

ನಡುವೆ ನೂರು ದಾರಿ, ಅಂಚಿನಲ್ಲಿ ಒಂದೇ ಬಾಗಿಲು

ಇಲ್ಲೊಂದು ವಿಚಿತ್ರವಿದೆ. ಇಂದಿನ ಜಾಲಗಳಿಗೆ ಆಧಾರವಾದ ಮೂಲ ವಿಚಾರಗಳಲ್ಲಿ ಒಂದು, ಭಾಗಗಳು ಕೆಟ್ಟರೂ ಒಟ್ಟು ಜಾಲ ಕೆಡಬಾರದು ಎಂಬುದು. ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿದ್ದ ಪಾಲ್ ಬ್ಯಾರನ್ ಎಂಬ ಎಂಜಿನಿಯರು ೧೯೬೪ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಈ ಪ್ರಶ್ನೆಯನ್ನು ಕೂಲಂಕಷವಾಗಿ ಪರಿಶೀಲಿಸಿದ. ಎಲ್ಲ ತಂತಿಗಳೂ ಒಂದೇ ಕೇಂದ್ರಕ್ಕೆ ಬಂದು ಸೇರುವ ಜಾಲ, ಆ ಕೇಂದ್ರ ನಾಶವಾದೊಡನೆ ನಾಶವಾಗುತ್ತದೆ. ಅದರ ಬದಲು ಮೀನಿನ ಬಲೆಯಂತೆ ಪ್ರತಿಯೊಂದು ಗಂಟಿನಿಂದಲೂ ಹಲವು ಎಳೆಗಳು ಹೊರಟಿದ್ದರೆ, ಕೆಲವು ಗಂಟುಗಳು ಕಳಚಿದರೂ ಸಂದೇಶ ಬೇರೆ ಎಳೆಗಳ ಮೇಲೆ ದಾರಿ ಮಾಡಿಕೊಳ್ಳುತ್ತದೆ. ಸಂದೇಶವನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆದು, ಪ್ರತಿಯೊಂದಕ್ಕೂ ವಿಳಾಸ ಬರೆದು ಕಳುಹಿಸಿದರೆ ಒಂದೊಂದು ಪೊಟ್ಟಣವೂ ತನಗೆ ಸಿಕ್ಕಿದ ದಾರಿಯಲ್ಲಿ ಹೋಗಬಹುದು. ೧೯೬೯ರ ಅಕ್ಟೋಬರ್ ೨೯ರಂದು ಮೊದಲ ಸಂದೇಶವನ್ನು ಸಾಗಿಸಿದ ಅರ್ಪಾನೆಟ್ ಎಂಬ ಜಾಲ ಇಂಥ ಪೊಟ್ಟಣಗಳ ಪದ್ಧತಿಯನ್ನೇ ಅನುಸರಿಸಿತು. ಇಂದಿನ ಅಂತರಜಾಲ ಬೆಳೆದದ್ದು ಅದರಿಂದ.

ಈ ಬಲೆಯ ಶಕ್ತಿಯನ್ನು ಭಾರತವೇ ಒಮ್ಮೆ ಪರೀಕ್ಷಿಸಿ ನೋಡಬೇಕಾಯಿತು. ೨೦೦೮ರ ಜನವರಿ ೩೦ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಸಮುದ್ರದಡಿಯ ಎರಡು ಮುಖ್ಯ ಕೇಬಲ್ಲುಗಳು ತುಂಡಾದುವು. ಪಶ್ಚಿಮದ ಕಡೆಗೆ ಹೋಗುವ ನಮ್ಮ ಸಂಪರ್ಕದ ದೊಡ್ಡ ಭಾಗ ಕಡಿದುಹೋಯಿತು. ಆದರೂ ಸಿಂಗಪುರದ ಕಡೆಗೆ, ಪೂರ್ವದ ಕೇಬಲ್ಲುಗಳಲ್ಲಿಯೂ ಅವಕಾಶ ಕಾದಿರಿಸಿಕೊಂಡಿದ್ದ ಸಂಸ್ಥೆಗಳು ಶಾಂತಸಾಗರವನ್ನು ಬಳಸಿ ಕೆಲಸವನ್ನು ನಡೆಸಿಕೊಂಡುವು. ಒಂದೇ ದಿಕ್ಕನ್ನು ನಂಬಿದ್ದವರು ದಿನಗಟ್ಟಲೆ ಕಾದರು.

ವಿಚಿತ್ರವೆಂದೆವಷ್ಟೆ. ಜಾಲದ ನಡುಭಾಗದಲ್ಲಿ ಇಷ್ಟೆಲ್ಲ ದಾರಿಗಳಿದ್ದರೂ, ಅದರ ಅಂಚಿನಲ್ಲಿರುವ ನಮ್ಮ ಕಛೇರಿಯ ಗಣಕಯಂತ್ರಕ್ಕೆ ತಿಳಿದಿರುವ ದಾರಿ ಒಂದೇ. ತನ್ನ ಕೋಣೆಯ ಯಂತ್ರಗಳಿಗೆ ಅದು ಪೊಟ್ಟಣಗಳನ್ನು ನೇರವಾಗಿ ಕೊಡಬಲ್ಲದು. ಹೊರಗಿನ ಯಾವ ವಿಳಾಸಕ್ಕೇ ಆಗಲಿ ಪೊಟ್ಟಣ ಹೋಗಬೇಕಾದರೆ ಅದನ್ನು ಒಂದು ನಿಶ್ಚಿತ ಯಂತ್ರದ ಕೈಗೆ ಒಪ್ಪಿಸಿ ಸುಮ್ಮನಾಗುತ್ತದೆ. ದಾರಿಯನ್ನು ಆರಿಸಿ ಪೊಟ್ಟಣವನ್ನು ಮುಂದೂಡುವ ಆ ಯಂತ್ರಕ್ಕೆ ರೂಟರ್ ಎಂದು ಹೆಸರು. ಒಳಜಾಲದಿಂದ ಹೊರಜಾಲಕ್ಕೆ ಬಾಗಿಲಾಗಿ ನಿಂತಾಗ ಅದನ್ನು ಗೇಟ್‌ವೇ, ಎಂದರೆ ಹೆಬ್ಬಾಗಿಲು, ಎನ್ನುತ್ತಾರೆ. ಕೋಟೆಯ ಹೊರಗೆ ನೂರು ರಾಜಮಾರ್ಗಗಳಿದ್ದರೂ ಕೋಟೆಗೆ ಒಂದೇ ಹೆಬ್ಬಾಗಿಲಿದ್ದು ಅದು ಜಾಮಾದರೆ ಒಳಗಿನವರ ಗತಿಯೇನು?

ವ್ಯಕ್ತಿಯ ಹೆಸರಲ್ಲ, ಹುದ್ದೆಯ ಹೆಸರು

'ಒಂದು ಕಣ್ಣು ಕಣ್ಣಲ್ಲ' ಎಂದು ನಮ್ಮ ಗಾದೆ ಹೇಳುತ್ತದೆ. ಹಾಗಾದರೆ ಇನ್ನೊಂದು ರೂಟರನ್ನು ಕೊಂಡು ತಂದು ಪಕ್ಕದಲ್ಲಿಟ್ಟರೆ ಸಾಲದೆ? ಸಾಲದು. ಏಕೆಂಬುದನ್ನು ನೋಡೋಣ.

ಕಛೇರಿಯ ಮೊದಲ ರೂಟರನ್ನು 'ಕ' ಎಂದೂ, ಹೊಸದನ್ನು 'ಖ' ಎಂದೂ ಕರೆಯೋಣ. 'ಕ' ಯಂತ್ರದ ಜಾಲವಿಳಾಸ ೧೯೨.೧೬೮.೧೦.೨ ಮತ್ತು 'ಖ' ಯಂತ್ರದ್ದು ೧೯೨.೧೬೮.೧೦.೩ ಎಂದಿಟ್ಟುಕೊಳ್ಳಿ. ಹತ್ತೂ ಗಣಕಯಂತ್ರಗಳಲ್ಲಿ ಹೆಬ್ಬಾಗಿಲಿನ ವಿಳಾಸವೆಂದು 'ಕ'ದ ವಿಳಾಸವನ್ನೇ ಬರೆದಿದೆ. 'ಕ' ಕೆಟ್ಟುಹೋದರೆ ಅವು 'ಖ'ವನ್ನು ಹುಡುಕಿಕೊಂಡು ಹೋಗುವುದಿಲ್ಲ. ಸತ್ತ ಯಂತ್ರದ ಬಾಗಿಲನ್ನೇ ತಟ್ಟುತ್ತಿರುತ್ತವೆ. ಯಾರಾದರೂ ಬಂದು ಹತ್ತು ಯಂತ್ರಗಳಲ್ಲಿಯೂ ವಿಳಾಸವನ್ನು ತಿದ್ದುವ ಹೊತ್ತಿಗೆ ಕಛೇರಿ ಮುಚ್ಚುವ ವೇಳೆಯಾದೀತು.

ಇದಕ್ಕೆ ಪರಿಹಾರ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಿಂದೆ ಸರ್ಕಾರದ ಕಾಗದಗಳು 'ಶಾನುಭೋಗರು, ಇಂಥ ಗ್ರಾಮ' ಎಂಬ ವಿಳಾಸಕ್ಕೆ ಬರುತ್ತಿದ್ದುವು. ಆ ಹುದ್ದೆಯಲ್ಲಿ ತಂದೆಯಿದ್ದರೇನು, ಮಗನಿದ್ದರೇನು, ಕಾಗದ ಸರಿಯಾದ ಕೈಗೇ ಸೇರುತ್ತಿತ್ತು. ವಿಳಾಸ ವ್ಯಕ್ತಿಯದಲ್ಲ, ಹುದ್ದೆಯದು. ಇದೇ ತತ್ತ್ವವನ್ನು ರೂಟರುಗಳಿಗೆ ಅನ್ವಯಿಸುವ ಎರಡು ನಿಯಮಾವಳಿಗಳು ೧೯೯೮ರಲ್ಲಿ ಪ್ರಕಟವಾದುವು. ಒಂದು ಸಿಸ್ಕೊ ಕಂಪನಿಯದು. ಇನ್ನೊಂದು ಯಾವ ತಯಾರಕರಾದರೂ ಬಳಸಬಹುದಾದ ಸಾರ್ವತ್ರಿಕ ನಿಯಮಾವಳಿ. ಎರಡನೆಯದರ ಹೆಸರು ವರ್ಚುಯಲ್ ರೂಟರ್ ರಿಡಂಡನ್ಸಿ ಪ್ರೋಟೊಕಾಲ್, ಸಂಕ್ಷೇಪವಾಗಿ ವಿ.ಆರ್.ಆರ್.ಪಿ. ಇದನ್ನು ೨೦೧೦ರಲ್ಲಿಯೂ ೨೦೨೪ರಲ್ಲಿಯೂ ಪರಿಷ್ಕರಿಸಲಾಗಿದೆ.

ಈ ನಿಯಮದಂತೆ ಎರಡೂ ರೂಟರುಗಳು ಸೇರಿ ೧೯೨.೧೬೮.೧೦.೧ ಎಂಬ ಮೂರನೆಯ ವಿಳಾಸವೊಂದನ್ನು ಕಾಯುತ್ತವೆ. ಈ ವಿಳಾಸದಲ್ಲಿ ನಿಜವಾದ ಯಂತ್ರವಾವುದೂ ಇಲ್ಲ. ಇದು ಕಲ್ಪಿತ ರೂಟರಿನ ವಿಳಾಸ, ಎಂದರೆ ಹುದ್ದೆಯ ವಿಳಾಸ. ಹತ್ತೂ ಗಣಕಯಂತ್ರಗಳಲ್ಲಿ ಹೆಬ್ಬಾಗಿಲೆಂದು ಬರೆಯುವುದು ಇದನ್ನೇ. ಹುದ್ದೆಯಲ್ಲಿರುವ ರೂಟರ್ ಈ ವಿಳಾಸಕ್ಕೆ ಬಂದ ಪೊಟ್ಟಣಗಳನ್ನು ಸ್ವೀಕರಿಸುತ್ತದೆ. ಇನ್ನೊಂದು ಸುಮ್ಮನೆ ಕಾದಿರುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದೇ ಕೋಣೆಯ ಯಂತ್ರಗಳು ಪರಸ್ಪರ ಗುರುತಿಸಿಕೊಳ್ಳುವುದು ಜಾಲವಿಳಾಸದಿಂದಲ್ಲ. ಪ್ರತಿಯೊಂದು ಯಂತ್ರಕ್ಕೂ ತಯಾರಕರು ಕೊಟ್ಟಿರುವ ಮ್ಯಾಕ್ ವಿಳಾಸದಿಂದ. "ಈ ಜಾಲವಿಳಾಸ ಯಾರದು?" ಎಂದು ಗಣಕಯಂತ್ರ ಕೂಗಿ ಕೇಳುತ್ತದೆ, ಉತ್ತರವಾಗಿ ಬಂದ ಮ್ಯಾಕ್ ವಿಳಾಸವನ್ನು ಕೆಲವು ಕಾಲ ನೆನಪಿನಲ್ಲಿ ಇಟ್ಟುಕೊಳ್ಳುತ್ತದೆ. ಹುದ್ದೆಗೆ ಹೊಸಬರು ಬಂದಾಗ ಈ ಹಳೆಯ ನೆನಪೇ ಅಡ್ಡಿಯಾಗಬಾರದು. ಆದುದರಿಂದ ಕಲ್ಪಿತ ರೂಟರಿಗೆ ಕಲ್ಪಿತ ಮ್ಯಾಕ್ ವಿಳಾಸವೊಂದನ್ನೂ ಕೊಟ್ಟಿದ್ದಾರೆ. ಅಧಿಕಾರ 'ಕ'ದಿಂದ 'ಖ'ಕ್ಕೆ ಬಂದಾಗ ಈ ವಿಳಾಸವೂ ಮುದ್ರೆಯುಂಗುರದಂತೆ ಕೈ ಬದಲಾಯಿಸುತ್ತದೆ. ಅಧಿಕಾರಕ್ಕೆ ಬಂದೊಡನೆ 'ಖ' ಯಾರೂ ಕೇಳದಿದ್ದರೂ ತಾನಾಗಿಯೇ ಒಂದು ಘೋಷಣೆ ಹೊರಡಿಸುತ್ತದೆ. ಯಂತ್ರಗಳನ್ನೆಲ್ಲ ಕೂಡಿಸುವ ಸ್ವಿಚ್ ಎಂಬ ಪೆಟ್ಟಿಗೆ ಅದನ್ನು ಕೇಳಿ, ಆ ಮುದ್ರೆ ಈಗ ತನ್ನ ಯಾವ ಕಿಂಡಿಯ ಕಡೆಗಿದೆ ಎಂಬುದನ್ನು ತಿದ್ದಿಕೊಳ್ಳುತ್ತದೆ. ಹತ್ತು ಗಣಕಯಂತ್ರಗಳಿಗೆ ಏನು ನಡೆಯಿತೆಂಬುದೇ ತಿಳಿಯುವುದಿಲ್ಲ.

ನಾಡಿಯ ಮಿಡಿತ

'ಕ' ಸತ್ತಿತೆಂದು 'ಖ'ಕ್ಕೆ ತಿಳಿಯುವುದು ಹೇಗೆ? ಸತ್ತ ಯಂತ್ರ ತನ್ನ ಸಾವಿನ ಸುದ್ದಿಯನ್ನು ತಾನೇ ಹೇಳಲಾರದಷ್ಟೆ. ಆದುದರಿಂದ ಇಲ್ಲಿಯ ಏರ್ಪಾಟು ತಿರುಗುಮುರುಗು: ಬದುಕಿರುವವರೆಗೂ ಬದುಕಿದ್ದೇನೆಂದು ಹೇಳುತ್ತಿರಬೇಕು. ಹುದ್ದೆಯಲ್ಲಿರುವ ರೂಟರ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಒಂದು ಪುಟ್ಟ ಪ್ರಕಟಣೆಯನ್ನು ಹೊರಡಿಸುತ್ತದೆ. ಅದರಲ್ಲಿ ಅದರ ಅಗ್ರತಾಸಂಖ್ಯೆಯೂ ಇರುತ್ತದೆ. ಈ ಸಂಖ್ಯೆಯನ್ನು ನಾವೇ ನಿಗದಿಮಾಡುತ್ತೇವೆ. ದೊಡ್ಡ ಸಂಖ್ಯೆಯುಳ್ಳದ್ದು ಹುದ್ದೆಗೆ ಅರ್ಹ. 'ಕ'ಕ್ಕೆ ೨೦೦, 'ಖ'ಕ್ಕೆ ೧೦೦ ಎಂದಿರಲಿ.

ಒಂದು ಪ್ರಕಟಣೆ ತಪ್ಪಿದೊಡನೆ 'ಖ' ಗಾಬರಿಪಡುವುದಿಲ್ಲ. ಪೊಟ್ಟಣವೊಂದು ದಾರಿಯಲ್ಲಿ ಕಳೆದುಹೋಗುವುದು ಅಪರೂಪವಲ್ಲ. ಅದು ಮೂರು ಪ್ರಕಟಣೆಗಳ ಕಾಲ ಕಾಯುತ್ತದೆ. ಅದರ ಮೇಲೆ ಇನ್ನೂ ಸ್ವಲ್ಪ ತಡೆಯುತ್ತದೆ. ಈ 'ಸ್ವಲ್ಪ'ದ ಲೆಕ್ಕ ಬಹು ಸೊಗಸಾದುದು: ೨೫೬ರಿಂದ ತನ್ನ ಅಗ್ರತಾಸಂಖ್ಯೆಯನ್ನು ಕಳೆದು, ಬಂದುದನ್ನು ೨೫೬ರಿಂದ ಭಾಗಿಸಿದರೆ ದೊರೆಯುವಷ್ಟು ಸೆಕೆಂಡು. 'ಖ'ಕ್ಕೆ ಇದು ೧೫೬ನ್ನು ೨೫೬ರಿಂದ ಭಾಗಿಸಿದಷ್ಟು, ಸುಮಾರು ೦.೬೧ ಸೆಕೆಂಡು. ಒಟ್ಟು ೩.೬೧ ಸೆಕೆಂಡು ಸದ್ದಿಲ್ಲದಿದ್ದರೆ ಅದು ಹುದ್ದೆಯನ್ನು ವಹಿಸಿಕೊಳ್ಳುತ್ತದೆ. ೫೦ರ ಅಗ್ರತೆಯುಳ್ಳ 'ಗ' ಎಂಬ ಮೂರನೆಯ ರೂಟರ್ ಇದ್ದಿದ್ದರೆ ಅದು ೩.೮೦ ಸೆಕೆಂಡು ಕಾಯಬೇಕು. ಅಷ್ಟರೊಳಗೆ 'ಖ' ಎದ್ದು ಪ್ರಕಟಣೆ ಹೊರಡಿಸಿರುತ್ತದೆಯಾದ್ದರಿಂದ 'ಗ' ಸುಮ್ಮನಾಗುತ್ತದೆ. ಸಭೆ ಸೇರಿಸದೆ, ಮತ ಎಣಿಸದೆ, ಕಾಯುವ ಹೊತ್ತಿನ ಸಣ್ಣ ವ್ಯತ್ಯಾಸದಿಂದಲೇ ಉತ್ತರಾಧಿಕಾರಿಯ ಆಯ್ಕೆ ಮುಗಿದುಹೋಗುತ್ತದೆ!

'ಕ'ವನ್ನು ದುರಸ್ತಿಗೆಂದು ನಾವೇ ಕ್ರಮಬದ್ಧವಾಗಿ ನಿಲ್ಲಿಸಿದರೆ ಮೂರು ಸೆಕೆಂಡೂ ಕಾಯಬೇಕಾಗಿಲ್ಲ. ಅದು ಹೊರಡುವ ಮುನ್ನ ತನ್ನ ಅಗ್ರತೆ ೦ ಎಂದು ಪ್ರಕಟಿಸುತ್ತದೆ. ಇದು ರಾಜೀನಾಮೆಯ ಪತ್ರವಿದ್ದಂತೆ. ಆಗ 'ಖ' ಆ ಅರ್ಧ ಸೆಕೆಂಡಿಗೆ ಮೀರಿದ 'ಸ್ವಲ್ಪ' ಕಾಲವನ್ನು ಮಾತ್ರ ಕಾದು ಮುಂದೆ ಬರುತ್ತದೆ.

ಬದುಕಿದ್ದೂ ಕೆಲಸಕ್ಕೆ ಬಾರದ ಯಂತ್ರ

ಇಷ್ಟಾದರೂ ನಮ್ಮ ಏರ್ಪಾಟಿನಲ್ಲಿ ಒಂದು ದೊಡ್ಡ ಕೊರತೆ ಉಳಿದಿದೆ. ಹೆದ್ದಾರಿಯನ್ನು ಅಗಲಮಾಡುವವರು ಮಣ್ಣು ಅಗೆಯುವಾಗ 'ಕ'ದ ಹೊರಗಿನ ಫೈಬರ್ ಕೇಬಲ್ಲನ್ನು ಕತ್ತರಿಸಿದರೆಂದು ಭಾವಿಸಿ. 'ಕ' ಸತ್ತಿಲ್ಲ, ಕಛೇರಿಯೊಳಗೆ ಅದರ ದೀಪಗಳು ಹೊಳೆಯುತ್ತಿವೆ, ಸೆಕೆಂಡಿಗೊಮ್ಮೆ "ನಾನಿದ್ದೇನೆ" ಎನ್ನುತ್ತಲೇ ಇದೆ. ಗಣಕಯಂತ್ರಗಳು ಪೊಟ್ಟಣಗಳನ್ನು ಅದಕ್ಕೇ ಒಪ್ಪಿಸುತ್ತವೆ, ಅದೂ ಸ್ವೀಕರಿಸುತ್ತದೆ, ಮುಂದೆ ದಾರಿಯಿಲ್ಲ. ಬಾಗಿಲು ತೆರೆದಿದೆ, ಆದರೆ ಹೊಸ್ತಿಲಿನಾಚೆ ಪ್ರಪಾತ!

ಆದುದರಿಂದ ರೂಟರ್ ಬದುಕಿದೆಯೆ ಎಂಬುದಕ್ಕಿಂತ ದಾರಿ ಬದುಕಿದೆಯೆ ಎಂಬುದು ಮುಖ್ಯ. ಇದಕ್ಕಾಗಿ 'ಕ' ತನ್ನ ಹೊರತಂತಿಯನ್ನು ಸದಾ ಗಮನಿಸುತ್ತಿರುವಂತೆ ಏರ್ಪಡಿಸುತ್ತಾರೆ. ತಂತಿ ಕಡಿದೊಡನೆ ಅದು ತನ್ನ ಅಗ್ರತೆಯನ್ನು ತಾನೇ ೨೦೦ರಿಂದ ೯೦ಕ್ಕೆ ಇಳಿಸಿಕೊಂಡು ಪ್ರಕಟಿಸುತ್ತದೆ. ೧೦೦ರ 'ಖ' ಇದನ್ನು ಕೇಳಿ ಹುದ್ದೆಯನ್ನು ವಹಿಸಿಕೊಳ್ಳುತ್ತದೆ. ಇದೂ ಯಾವಾಗಲೂ ಸಾಲದು. ಕಛೇರಿಯಿಂದ ಗುಂಡ್ಲುಪೇಟೆಯವರೆಗೆ ತಂತಿ ಸರಿಯಿದ್ದು, ಅದರಾಚೆ ಎಲ್ಲೋ ಕಡಿದಿರಬಹುದು. ಆಗ ಹತ್ತಿರದ ದೀಪವನ್ನು ನೋಡಿ ಪ್ರಯೋಜನವಿಲ್ಲ. ಬೆಂಗಳೂರಿನಲ್ಲೋ ಮತ್ತೂ ದೂರದಲ್ಲೋ ಇರುವ ಒಂದೆರಡು ವಿಳಾಸಗಳನ್ನು ಆಗಾಗ ಕೂಗಿ, ಓಗೊಡುತ್ತವೆಯೆ ಎಂದು ಪರೀಕ್ಷಿಸಬೇಕು. ಒಂದೇ ವಿಳಾಸವನ್ನು ನಂಬಿದರೆ ಅದೇ ಯಂತ್ರ ಕೆಟ್ಟಾಗ ಸರಿಯಾದ ದಾರಿಯನ್ನೂ ಬಿಟ್ಟುಕೊಟ್ಟಂತಾಗುತ್ತದೆ. ಆದುದರಿಂದ ಎರಡು ಮೂರು ವಿಳಾಸಗಳನ್ನು ಆರಿಸುವುದು ವಾಡಿಕೆ.

'ಕ'ದ ತಂತಿ ಮತ್ತೆ ಸರಿಯಾಯಿತು. ಹುದ್ದೆಯನ್ನು ಅದು ಕೂಡಲೇ ಹಿಂದಕ್ಕೆ ಪಡೆಯಬೇಕೆ? ಸಂಪರ್ಕ ಹೋಗಿಬಂದು ಮಾಡುತ್ತಿದ್ದರೆ ಅಧಿಕಾರವೂ ನಿಮಿಷಕ್ಕೊಮ್ಮೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ಇದಕ್ಕಿಂತ ಒಂದೇ ದಾರಿಯಿರುವುದು ಮೇಲು. ಅಲ್ಲದೆ ಆಗತಾನೆ ಎದ್ದ ರೂಟರಿಗೆ ಹೊರಗಿನ ದಾರಿಗಳ ಪರಿಚಯ ಇನ್ನೂ ಆಗಿರುವುದಿಲ್ಲ. ಜ್ವರ ಬಿಟ್ಟ ದಿನವೇ ಹೊಲಕ್ಕೆ ಕಳುಹಿಸಬಾರದೆಂಬಂತೆ, ಕೆಲವು ನಿಮಿಷ ಅದು ಸ್ಥಿರವಾಗಿ ನಿಂತ ಮೇಲೆಯೇ ಹುದ್ದೆಯನ್ನು ಮರಳಿಸುವಂತೆ ಕಾಲಾವಧಿಯನ್ನು ಗೊತ್ತುಮಾಡುತ್ತಾರೆ.

ಇನ್ನೊಂದು ಅಪಾಯ ಇದಕ್ಕೆ ವಿರುದ್ಧವಾದುದು. 'ಕ' ಮತ್ತು 'ಖ' ಎರಡೂ ಚೆನ್ನಾಗಿವೆ. ಅವೆರಡರ ನಡುವಣ ಸಂಪರ್ಕ ಮಾತ್ರ ಕಡಿದಿದೆ. 'ಕ'ದ ಪ್ರಕಟಣೆ ಕೇಳಿಸದೆ 'ಖ' ತಾನೇ ಯಜಮಾನನೆಂದು ಸಾರುತ್ತದೆ. 'ಕ' ಹುದ್ದೆಯನ್ನು ಬಿಟ್ಟಿಲ್ಲ. ಒಂದು ಮುದ್ರೆಗೆ ಇಬ್ಬರು ಒಡೆಯರು! ಎರಡನ್ನೂ ಕೂಡಿಸುವ ಸ್ವಿಚ್ ಮತ್ತು ತಂತಿಗಳು ಭದ್ರವಾಗಿಲ್ಲದಿದ್ದರೆ ಇಂಥ ಗೊಂದಲ ತಪ್ಪದು. ಎರಡು ರೂಟರುಗಳನ್ನು ತಂದು ಎರಡನ್ನೂ ಹಳೆಯ ಒಂದೇ ಸ್ವಿಚ್ಚಿಗೆ ಸೇರಿಸುವವರು, ಒಂಟಿ ಬಾಗಿಲಿನ ದೋಷವನ್ನು ಒಂದು ಮಾರು ಆಚೆಗೆ ಸರಿಸಿದ್ದಾರೆಯೇ ಹೊರತು ನಿವಾರಿಸಿಲ್ಲ.

ಈ ಏರ್ಪಾಟಿನ ಮಿತಿಯೊಂದನ್ನೂ ಹೇಳಬೇಕು. ಎರಡು ಹೊರತಂತಿಗಳು ಎರಡು ಬೇರೆ ಕಂಪನಿಗಳವಾದರೆ ದಾರಿ ಬದಲಾದಾಗ ಹೊರಗಿನವರಿಗೆ ಕಾಣುವ ನಮ್ಮ ವಿಳಾಸವೂ ಸಾಮಾನ್ಯವಾಗಿ ಬದಲಾಗುತ್ತದೆ. ಅರ್ಧ ತುಂಬಿದ ಅರ್ಜಿಯನ್ನು ಮತ್ತೆ ಮೊದಲಿನಿಂದ ತುಂಬಬೇಕಾಗಿ ಬರಬಹುದು. ಆದರೆ ಮತ್ತೆ ತುಂಬುವುದಕ್ಕೂ ನಾಳೆ ಬರುವುದಕ್ಕೂ ಅಂತರ ಬಹಳ.

ಒಂದೇ ನದಿಯ ಮೇಲಿನ ಎರಡು ಸೇತುವೆಗಳು

ಈಗ ಸ್ವಲ್ಪ ಲೆಕ್ಕ ಮಾಡೋಣ. ಒಂದು ದಾರಿ ನೂರರಲ್ಲಿ ೯೯ ಪಾಲು ಕಾಲ ಸರಿಯಾಗಿರುತ್ತದೆ ಎನ್ನಿ. ಕೇಳುವುದಕ್ಕೆ ಇದು ಚೆನ್ನಾಗಿದೆ. ಆದರೆ ವರ್ಷದಲ್ಲಿ ೮,೭೬೦ ಗಂಟೆಗಳಿವೆ. ಅದರಲ್ಲಿ ನೂರನೆಯ ಒಂದು ಪಾಲೆಂದರೆ ೮೭.೬ ಗಂಟೆ, ಮೂರೂವರೆ ದಿನಕ್ಕೂ ಹೆಚ್ಚು. ಅಂಥವೇ ಎರಡು ದಾರಿಗಳಿದ್ದು, ಒಂದರ ಕೇಡಿಗೂ ಇನ್ನೊಂದರ ಕೇಡಿಗೂ ಯಾವ ಸಂಬಂಧವೂ ಇಲ್ಲದಿದ್ದರೆ, ಎರಡೂ ಒಟ್ಟಿಗೆ ಕೆಟ್ಟಿರುವ ಸಂಭಾವ್ಯತೆ ೦.೦೧ ಮತ್ತು ೦.೦೧ರ ಗುಣಲಬ್ಧ, ಎಂದರೆ ೦.೦೦೦೧. ವರ್ಷಕ್ಕೆ ಸುಮಾರು ೫೩ ನಿಮಿಷ ಮಾತ್ರ! ಸಾಧಾರಣವಾದ ಎರಡು ವಸ್ತುಗಳನ್ನು ಸೇರಿಸಿ ಅಸಾಧಾರಣವಾದ ಭದ್ರತೆಯನ್ನು ಪಡೆದಂತಾಯಿತು.

ಆದರೆ 'ಯಾವ ಸಂಬಂಧವೂ ಇಲ್ಲದಿದ್ದರೆ' ಎಂಬ ಷರತ್ತನ್ನು ಮರೆಯಬಾರದು. ಮೇಲಿನ ೮೭.೬ ಗಂಟೆಗಳಲ್ಲಿ ೨೦ ಗಂಟೆ ವಿದ್ಯುಚ್ಛಕ್ತಿ ಇಲ್ಲದೆ ನಷ್ಟವಾದುದು ಎಂದಿಟ್ಟುಕೊಳ್ಳಿ. ಎರಡು ರೂಟರುಗಳೂ ಒಂದೇ ಪ್ಲಗ್ಗಿನಿಂದ ವಿದ್ಯುತ್ತನ್ನು ಪಡೆಯುತ್ತಿದ್ದರೆ ಈ ೨೦ ಗಂಟೆ ಎರಡಕ್ಕೂ ಸಮಾನ. ಉಳಿದ ೬೭.೬ ಗಂಟೆಗಳ ಕೇಡು ಗುಣಾಕಾರದ ಪುಣ್ಯದಿಂದ ಅರ್ಧ ಗಂಟೆಗೆ ಇಳಿಯುತ್ತದೆ. ಆದರೆ ಒಟ್ಟು ನಷ್ಟ ಇಪ್ಪತ್ತೂವರೆ ಗಂಟೆಗಿಂತ ಕಡಿಮೆಯಾಗದು. ಇಂಥ ಕಡೆ ಮೂರನೆಯ ರೂಟರಿಗಿಂತ ಒಂದು ಒಳ್ಳೆಯ ಬ್ಯಾಟರಿ ಹೆಚ್ಚು ಉಪಕಾರಿ.

ಬೇಗೂರಿನ ಭೂಗೋಳವೇ ಇದಕ್ಕೆ ಉತ್ತಮ ನಿದರ್ಶನ. ೨೦೧೯ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಹರಿದಾಗ ನಂಜನಗೂಡಿನ ಬಳಿ ಹೆದ್ದಾರಿ ಮುಳುಗಿ ಮೈಸೂರಿನ ಸಂಚಾರ ನಿಂತುಹೋಯಿತು. ಬೇರೆ ದಾರಿಗಳಿಲ್ಲವೆ? ಇವೆ. ಆದರೆ ಭೂಪಟವನ್ನು ಬಿಡಿಸಿ ನೋಡಿ: ಬೇಗೂರು ಕಪಿಲೆಯ ದಕ್ಷಿಣಕ್ಕಿದೆ, ಮೈಸೂರು ಉತ್ತರಕ್ಕಿದೆ. ತಿರುಮಕೂಡಲು ನರಸೀಪುರದ ಮೇಲೆ ಹೋದರೂ ಅದೇ ನದಿಯನ್ನೇ ದಾಟಬೇಕು. ಸೇತುವೆಗಳು ಎರಡಾದರೂ ಪ್ರವಾಹ ಒಂದೇ. ಜಾಲದಲ್ಲಿಯೂ ಹೀಗೆಯೇ. 'ಕ'ದ ಫೈಬರನ್ನೂ 'ಖ'ದ ಫೈಬರನ್ನೂ ಹೆದ್ದಾರಿಯ ಬದಿಯ ಒಂದೇ ಕಾಲುವೆಯಲ್ಲಿ ಹೂತಿದ್ದರೆ ಅಗೆಯುವ ಯಂತ್ರದ ಒಂದೇ ಹೊಡೆತಕ್ಕೆ ಎರಡೂ ಹೋಗುತ್ತವೆ. ಎರಡನೆಯ ದಾರಿಯೆಂದು ಮೊಬೈಲ್ ಗೋಪುರವನ್ನು ನೆಚ್ಚಿಕೊಂಡವರೂ, ಆ ಗೋಪುರದ ಬುಡಕ್ಕೆ ಬಂದಿರುವ ಫೈಬರ್ ಯಾವುದೆಂದು ವಿಚಾರಿಸಬೇಕು.

ದೊಡ್ಡ ಯೋಜನೆಗಳೂ ಇದೇ ಪಾಠವನ್ನು ಕಲಿತಿವೆ. ಗ್ರಾಮಪಂಚಾಯಿತಿಗಳಿಗೆ ಫೈಬರನ್ನು ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ ೨೦೧೧ರಲ್ಲಿ ಒಪ್ಪಿಗೆಯಿತ್ತಿತು. ೨೦೧೫ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಮೊದಲು ಬಹುಮಟ್ಟಿಗೆ ಕೊಂಬೆಯಿಂದ ಕೊಂಬೆಗೆ ಚಾಚುವ ಎಳೆಗಳಂತೆ ಅದನ್ನು ಹಾಕಿದ್ದರು. ಒಂದೆಡೆ ಕಡಿದರೆ ಮುಂದಿನದೆಲ್ಲ ಕತ್ತಲೆ. ೨೦೨೩ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆಯಲ್ಲಿ ಉಂಗುರದ ವಿನ್ಯಾಸವನ್ನು ಸ್ವೀಕರಿಸಿದರು. ಉಂಗುರ ಒಂದು ಕಡೆ ತುಂಡಾದರೆ ಸಂದೇಶ ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಹಾಗೆಯೇ ನಮ್ಮ ಉಪಗ್ರಹಗಳನ್ನು ನಿಯಂತ್ರಿಸಲು ೧೯೮೨ರಲ್ಲಿ ಹಾಸನದಲ್ಲಿ ಸ್ಥಾಪಿಸಿದ ಪ್ರಧಾನ ನಿಯಂತ್ರಣ ಕೇಂದ್ರಕ್ಕೆ ಜೊತೆಯಾಗಿ ೨೦೦೫ರಲ್ಲಿ ಎರಡನೆಯದೊಂದು ಸಿದ್ಧವಾಯಿತು. ಅದನ್ನು ಹಾಸನದ ಪಕ್ಕದಲ್ಲಿ ಕಟ್ಟಲಿಲ್ಲ. ದೂರದ ಭೋಪಾಲದಲ್ಲಿ ಕಟ್ಟಿದರು.

ಸ್ಟೆಪ್ನಿಯ ಪಾಠ

ಲಾರಿ ಮೋಟಾರುಗಳ ಹೆಚ್ಚುವರಿ ಚಕ್ರಕ್ಕೆ ನಮ್ಮವರು ಸ್ಟೆಪ್ನಿ ಎನ್ನುತ್ತಾರೆ. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಕಳೆದ ಶತಮಾನದ ಆರಂಭದಲ್ಲಿ ಇಂಥ ಚಕ್ರವನ್ನು ತಯಾರಿಸಿ ಮಾರಿದ್ದರಿಂದ ಈ ಹೆಸರು ಬಂದಿತು. ಬಂಡೀಪುರದ ಕಾಡನ್ನು ಹೊಗುವ ಮೊದಲು ಎಚ್ಚರವುಳ್ಳ ಚಾಲಕ ಸ್ಟೆಪ್ನಿಯಲ್ಲಿ ಗಾಳಿಯಿದೆಯೆ ಎಂದು ತಟ್ಟಿ ನೋಡುತ್ತಾನೆ. ಗಾಳಿಯಿಲ್ಲದ ಸ್ಟೆಪ್ನಿ ಕೇವಲ ಭಾರ. ಕಾದುಕುಳಿತ ರೂಟರಿನದೂ ಇದೇ ಕಥೆ. ಅದು ದಿನನಿತ್ಯ ಕೆಲಸ ಮಾಡದಿರುವುದರಿಂದ ಕೆಟ್ಟರೂ ಯಾರ ಗಮನಕ್ಕೂ ಬಾರದು. ಅದರ ತಂತಿಯ ಬಾಡಿಗೆಯನ್ನು ಕಟ್ಟುವುದನ್ನು ಮರೆತಿರಬಹುದು. ಆದುದರಿಂದ ತಿಂಗಳಿಗೊಮ್ಮೆ, ಜನರಿಲ್ಲದ ಹೊತ್ತಿನಲ್ಲಿ, 'ಕ'ದ ತಂತಿಯನ್ನು ಬೇಕೆಂದೇ ಕಿತ್ತು 'ಖ' ಎದ್ದು ನಿಲ್ಲುತ್ತದೆಯೆ ಎಂದು ಪರೀಕ್ಷಿಸಬೇಕು. ಯಾವುದೇ ಒಂದು ಕೆಟ್ಟಾಗಲೂ ಯಾರಿಗಾದರೂ ಸುದ್ದಿ ಮುಟ್ಟುವ ಏರ್ಪಾಟೂ ಇರಬೇಕು. ಇಲ್ಲದಿದ್ದರೆ ಮೊದಲನೆಯದು ಸತ್ತದ್ದು ಎರಡನೆಯದೂ ಸತ್ತ ದಿನವೇ ಗೊತ್ತಾಗುತ್ತದೆ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಸ್ವತಃ ಪ್ರಯೋಗಮಾಡಿ ನೋಡಬಹುದು. ಬೆಲೆಬಾಳುವ ರೂಟರುಗಳು ಬೇಕಾಗಿಲ್ಲ. ಲಿನಕ್ಸ್ ಹಾಕಿದ ಎರಡು ಹಳೆಯ ಗಣಕಯಂತ್ರಗಳು, ಒಂದು ಸ್ವಿಚ್, ಕೀಪ್‌ಅಲೈವ್‌ಡಿ ಎಂಬ ಉಚಿತ ತಂತ್ರಾಂಶ ಇಷ್ಟು ಸಾಕು. ಎರಡಕ್ಕೂ ಒಂದು ಕಲ್ಪಿತ ವಿಳಾಸವನ್ನು ಕೊಟ್ಟು, ಮೂರನೆಯ ಯಂತ್ರದಿಂದ ಆ ವಿಳಾಸಕ್ಕೆ ಸೆಕೆಂಡಿಗೊಂದರಂತೆ ಪಿಂಗ್ ಕಳುಹಿಸುತ್ತಿರಿ. ಹುದ್ದೆಯಲ್ಲಿರುವ ಯಂತ್ರದ ತಂತಿಯನ್ನು ಕಿತ್ತರೆ ಮೂರು ನಾಲ್ಕು ಉತ್ತರಗಳು ತಪ್ಪಿ ಅನಂತರ ಮತ್ತೆ ಬರತೊಡಗುವುದನ್ನು ಕಾಣುವಿರಿ. ಆಮೇಲೆ ತಂತಿ ಕೀಳುವ ಬದಲು ತಂತ್ರಾಂಶವನ್ನು ಕ್ರಮವಾಗಿ ನಿಲ್ಲಿಸಿ ನೋಡಿ; ಒಂದು ಉತ್ತರ ತಪ್ಪಿದರೆ ಹೆಚ್ಚು. ಅಗ್ರತಾಸಂಖ್ಯೆಯನ್ನು ಬದಲಾಯಿಸಿ, ನಾವು ಮೇಲೆ ಕೊಟ್ಟ ಲೆಕ್ಕ ಸರಿಯೆ ಎಂಬುದನ್ನು ನೀವೇ ಅಳೆಯಿರಿ.

ಪ್ರಯೋಗ ಮುಗಿದ ಮೇಲೆ ನಿಮ್ಮ ಶಾಲೆಯ ಅಥವಾ ಕಾಲೇಜಿನ ಜಾಲವನ್ನು ಒಂದು ಕಾಗದದ ಮೇಲೆ ಬರೆಯಿರಿ. ಗಣಕಯಂತ್ರದಿಂದ ಹೊರಟು ಸ್ವಿಚ್, ರೂಟರ್, ವಿದ್ಯುತ್ತಿನ ಪ್ಲಗ್ಗು, ಬೀದಿಯ ಕಾಲುವೆ, ಮೊಬೈಲ್ ಗೋಪುರ ಇವುಗಳ ವರೆಗೆ ಬೆರಳಿಟ್ಟು ಸಾಗಿ, "ಇದೊಂದು ಹೋದರೆ ಎಲ್ಲವೂ ಹೋಗುವುದೆ?" ಎಂದು ಪ್ರತಿಯೊಂದು ಗಂಟಿನಲ್ಲಿಯೂ ಕೇಳಿ. ಹೌದೆಂಬ ಉತ್ತರ ಬಂದ ಕಡೆಯಲ್ಲೆಲ್ಲ ಒಂದು ಕೆಂಪು ಗುರುತು ಹಾಕಿ. ಎಲ್ಲ ಗುರುತುಗಳನ್ನೂ ಅಳಿಸಲು ಹಣ ಸಾಲದಿರಬಹುದು. ಆದರೆ ಯಾವುದನ್ನು ಮೊದಲು ಅಳಿಸಬೇಕೆಂಬುದನ್ನು ಆ ಕಾಗದವೇ ಹೇಳುತ್ತದೆ. ನಾಳೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಹೋಬಳಿಯ ಕಛೇರಿಗಳಿಗೂ ಆಸ್ಪತ್ರೆಗಳಿಗೂ ಜಾಲಗಳನ್ನು ಕಟ್ಟುವಿರಿ. ಆಗ ಈ ಕಾಗದದ ಅಭ್ಯಾಸ ನಿಮ್ಮೊಡನಿದ್ದರೆ, ದೂರದಿಂದ ಬಂದವರು ಬರಿಗೈಯಲ್ಲಿ ಹಿಂದಿರುಗುವ ದಿನಗಳು ಕಡಿಮೆಯಾಗುವುದರಲ್ಲಿ ಸಂದೇಹವಿಲ್ಲ.